ಹಿಡಿದುಕೊಂಡ ಎಣ್ಣೆ ಇಂಜನ್ನು: ಪರೀಕ್ಷೆ ಮತ್ತು ದುರಸ್ತಿ

ಪಂಪಿಗೆ ಜೋಡಿಸಿದ ಡಿಝೆಲ್ ಇಂಜನ್ನಿನ ಗಾಲಿ ತಿರುಗದೆ ನಿಂತುಬಿಟ್ಟರೆ ನಮ್ಮ ಕಡೆಗೆ ‘ಇಂಜನ್ ಹಿಡೀತು’ ಎನ್ನುತ್ತಾರೆ. ಮಾತು ಒಂದೇ ಆದರೂ ರೋಗ ಒಂದೇ ಅಲ್ಲ. ಕೆಲಸ ಮಾಡುತ್ತಿರುವಾಗಲೇ ಕಾಯ್ದು ಹಿಡಿದ ಇಂಜನ್ನು ಬೇರೆ, ಎರಡು ವರ್ಷ ಗುಡಿಸಲಿನಲ್ಲಿ ಕುಳಿತು ತುಕ್ಕು ಹಿಡಿದದ್ದು ಬೇರೆ, ಹೊಳೆಯ ಪೂರದಲ್ಲಿ ಮುಳುಗಿ ಹೊಟ್ಟೆಗೆ ನೀರು ತುಂಬಿಕೊಂಡದ್ದು ಬೇರೆ. ಮೂರಕ್ಕೂ ಒಂದೇ ಔಷಧವೆಂದು ತಿಳಿದು ಉದ್ದನ್ನ ಪೈಪು ತೊಡಿಸಿ ಹ್ಯಾಂಡಲ್ ಎಳೆಯುವವರಿಂದಲೇ ಅರ್ಧ ಇಂಜನ್ನುಗಳು ಕೆಡುತ್ತವೆ. ವಿದ್ಯುತ್ ಮೋಟರು ಮನೆಮನೆಗೆ ಬಂದಿದ್ದರೂ ಕರೆಂಟು ಕೈಕೊಟ್ಟ ದಿನ ಕಬ್ಬಿಗೂ ಉಳ್ಳಾಗಡ್ಡಿಗೂ ನೀರು ಕೊಡುವುದು ಇದೇ ಹಳೆಯ ಯಂತ್ರವಾದುದರಿಂದ, ಇದರ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲು ಹಿಡಿಯುವುದೇಕೆ ಎಂಬುದನ್ನು ತಿಳಿಯಬೇಕು. ಏಳನೆಯ ಇಯತ್ತೆಯ ಮಕ್ಕಳಿಗೆ ನಾವು ಗುಂಡು ಮತ್ತು ಬಳೆಯ ಪ್ರಯೋಗ ತೋರಿಸುತ್ತೇವೆ: ತಣ್ಣಗಿರುವಾಗ ಬಳೆಯೊಳಗೆ ಸಲೀಸಾಗಿ ಇಳಿಯುವ ಗುಂಡು ಕಾಯಿಸಿದ ಮೇಲೆ ಇಳಿಯದು. ಇಂಜನ್ನಿನಲ್ಲಿ ನಡೆಯುವುದೂ ಇದೇ. ಮಿನಿಟಿಗೆ 1500 ಸುತ್ತು ತಿರುಗುವ ಈಗಿನ ಐದು ಕುದುರೆಶಕ್ತಿಯ ಇಂಜನ್ನುಗಳಲ್ಲಿ ಪಿಸ್ಟನ್ ಅಲ್ಯುಮಿನಿಯಮ್ಮಿನದು, ಸಿಲಿಂಡರು ಬೀಡಿನದು. ಅಲ್ಯುಮಿನಿಯಮ್ ಕಾಯ್ದಾಗ ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 80 ಮಿಲಿಮೀಟರ್ ವ್ಯಾಸದ ಪಿಸ್ಟನ್ನು ನೂರು ಡಿಗ್ರಿ ಹೆಚ್ಚು ಕಾಯ್ದರೆ ಸುಮಾರು 0.18 ಮಿಲಿಮೀಟರ್ ದಪ್ಪವಾಗುತ್ತದೆ. ಸಿಲಿಂಡರು ಅಷ್ಟೇ ಕಾಯ್ದರೂ ಅಗಲವಾಗುವುದು 0.09ರಷ್ಟು ಮಾತ್ರ. ಇವೆರಡರ ನಡುವೆ ಇಟ್ಟ ಸಂದು ಒಂದೆರಡು ಕೂದಲೆಳೆಯಷ್ಟು. ತಂಪು ನೀರು ನಿಂತರೆ ಆ ಸಂದು ಮುಚ್ಚುತ್ತದೆ, ಎಣ್ಣೆಯ ಪದರು ಹರಿಯುತ್ತದೆ, ಲೋಹಕ್ಕೆ ಲೋಹ ತಿಕ್ಕಿ ಅಂಟಿಕೊಳ್ಳುತ್ತದೆ. ಮಿನಿಟಿಗೆ 650 ಸುತ್ತಿನ ಹಳೆಯ ದೊಡ್ಡ ಇಂಜನ್ನುಗಳು ಇದನ್ನು ತುಸು ಹೆಚ್ಚು ತಾಳಿಕೊಳ್ಳುತ್ತವೆ, ಅಷ್ಟೇ.

ಇನ್ನು ಪರೀಕ್ಷೆ. ಪಾನಾ ಹಿಡಿಯುವ ಮುಂಚೆ ಬೆಲ್ಟನ್ನು ಕಳಚಬೇಕು, ಕಪ್ಲಿಂಗ್ ಇದ್ದರೆ ಅದರ ಬೋಲ್ಟುಗಳನ್ನು ಬಿಚ್ಚಬೇಕು. ಎಷ್ಟೋ ಸಲ ಹಿಡಿದಿರುವುದು ಇಂಜನ್ನಲ್ಲ, ಪಂಪು. ರಾಡಿ ಕಟ್ಟಿಯೋ ತುಕ್ಕು ಹತ್ತಿಯೋ ಅದರ ಒಳಚಕ್ರ ನಿಂತಿರುತ್ತದೆ. ಇಷ್ಟನ್ನು ನೋಡದೆ ಇಂಜನ್ನನ್ನೇ ಗಾಡಿಗೆ ಹೇರಿಕೊಂಡು ಪೇಟೆಗೆ ಹೋಗಿ ಬಂದವರಿದ್ದಾರೆ.

ಇಂಜನ್ನೇ ಎಂದು ಖಾತ್ರಿಯಾದರೆ, ಕವಾಟವನ್ನು ಎತ್ತಿ ಹಿಡಿಯುವ ಸಣ್ಣ ಹಿಡಿಕೆಯನ್ನು ಮೇಲೆ ಮಾಡಿ ಗಾಲಿಯನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸಿ ನೋಡಿರಿ. ಸ್ವಲ್ಪವೂ ಅಲುಗದಿದ್ದರೆ ತುಕ್ಕು, ಇಲ್ಲವೆ ಕಾಯ್ದು ಅಂಟಿದ ಪಿಸ್ಟನ್ನು ಅಥವಾ ಬೇರಿಂಗು. ಒಂದಿಷ್ಟು ದೂರ ಸರಾಗವಾಗಿ ಬಂದು ಪ್ರತಿ ಸಲವೂ ಅದೇ ಜಾಗದಲ್ಲಿ ಗೋಡೆಗೆ ಬಡಿದಂತೆ ನಿಂತರೆ ಮೇಲೆ ನೀರು ನಿಂತಿದೆ, ಅಥವಾ ಮುರಿದ ಚೂರೊಂದು ಅಡ್ಡ ಬಂದಿದೆ ಎಂದು ತಿಳಿಯಬೇಕು.

ಈ ನೀರಿನ ವಿಷಯ ಮುಖ್ಯವಾದುದು. 2020ರ ಅಕ್ಟೋಬರದಲ್ಲಿ ಭೀಮೆಗೆ ಮಹಾಪೂರ ಬಂದಾಗ ದಂಡೆಯ ಮೇಲಿನ ಇಂಜನ್ನುಗಳೂ ಮುಳುಗಿದವು. ನೀರಿಳಿದ ಮೇಲೆ ಹಲವರು ಕೇಳಿದ ಪ್ರಶ್ನೆ ಒಂದೇ: “ಮಾಸ್ತರ್ರ, ಹ್ಯಾಂಡಲಕ್ಕ ಪೈಪ್ ಹಾಕಿ ನಾಲ್ಕು ಮಂದಿ ಎಳದರ ಬಿಡತದೇನ್ರಿ?” ಬಿಡುವುದಿಲ್ಲ. ಲೆಕ್ಕ ಮಾಡಿ ನೋಡಿರಿ. 80 ಮಿಲಿಮೀಟರ್ ವ್ಯಾಸ, 110 ಮಿಲಿಮೀಟರ್ ಓಟ ಉಳ್ಳ ಇಂಜನ್ನಿನಲ್ಲಿ ಪಿಸ್ಟನ್ನು ಸುಮಾರು 553 ಘನ ಸೆಂಟಿಮೀಟರ್ ಗಾಳಿಯನ್ನು ಒತ್ತುತ್ತದೆ. ಒತ್ತುವ ಪ್ರಮಾಣ ಹದಿನಾರೂವರೆಗೆ ಒಂದು ಎಂದಾದರೆ ಪಿಸ್ಟನ್ನು ತುದಿಗೆ ಬಂದಾಗ ಮೇಲೆ ಉಳಿಯುವ ಜಾಗ ಬರೀ 36 ಘನ ಸೆಂಟಿಮೀಟರ್, ಅಂದರೆ ಒಂದು ಸಣ್ಣ ಬಟ್ಟಲಿನ ಚಹಾಕ್ಕಿಂತಲೂ ಕಡಿಮೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗದು. ಅದಕ್ಕಿಂತ ಹೆಚ್ಚು ನೀರಿದ್ದು ಕವಾಟಗಳು ಮುಚ್ಚಿರುವಾಗ ನಾಲ್ಕು ಜನ ಎಳೆದರೆ ಬಗ್ಗುವುದು ಕನೆಕ್ಟಿಂಗ್ ರಾಡು. ಬಗ್ಗಿದ ರಾಡನ್ನು ಹಾಗೆಯೇ ಓಡಿಸಿದರೆ ಪಿಸ್ಟನ್ನು ಒಂದು ಬದಿಗೆ ಒರಗಿ ಸವೆದು ಮುಂದೊಂದು ದಿನ ಮತ್ತೆ ಹಿಡಿಯುತ್ತದೆ.

ಆದುದರಿಂದ ಮುಳುಗಿದ ಇಂಜನ್ನಿಗೆ ಮೊದಲು ನಾಝಲನ್ನು ಬಿಚ್ಚಿ ತೆಗೆಯಬೇಕು. ಆ ತೂತಿನ ನೇರಕ್ಕೆ ಮುಖ ಇಡದೆ, ಗಾಲಿಯನ್ನು ನಿಧಾನವಾಗಿ ತಿರುಗಿಸಿದರೆ ನೀರು ಚಿಮ್ಮಿ ಹೊರಬೀಳುತ್ತದೆ. ಕೆಳಗಿನ ಎಣ್ಣೆಯನ್ನು ಪೂರ್ತಿ ಇಳಿಸಿಬಿಡಬೇಕು. ನೀರು ಮೊದಲು ಬರುತ್ತದೆ, ಬಳಿಕ ಹಾಲು ಬೆರೆಸಿದ ಚಹದಂಥ ಎಣ್ಣೆ. ಡಿಝೆಲ್ಲಿನಿಂದ ಒಳಗನ್ನು ತೊಳೆದು, ಹೊಸ ಎಣ್ಣೆ ಹಾಕಿ, ಸಿಲಿಂಡರಿನೊಳಗೂ ಸ್ವಲ್ಪ ಎಣ್ಣೆ ಬಿಟ್ಟು ದಿನಕ್ಕೊಮ್ಮೆ ಕೈಯಿಂದ ತಿರುಗಿಸುತ್ತಿರಬೇಕು. ನೀರಿಳಿದ ಎರಡು ಮೂರು ದಿನಗಳಲ್ಲಿ ಇಷ್ಟು ಮಾಡಿದ ಇಂಜನ್ನು ಬಹುಶಃ ಉಳಿಯುತ್ತದೆ. ಮಿಸ್ತ್ರಿ ಬರಲಿ ಎಂದು ತಿಂಗಳು ಬಿಟ್ಟರೆ ರಿಂಗುಗಳು ತುಕ್ಕಿನಿಂದ ಗೋಡೆಗೆ ಬೆಸೆದುಕೊಳ್ಳುತ್ತವೆ. ಚಾಲೂ ಮಾಡುವ ಅವಸರ ಮಾತ್ರ ಬೇಡ; ರೇವೆ ಒಳಗಿದ್ದರೆ ಅದು ಉಪ್ಪುಕಾಗದದಂತೆ ಬೇರಿಂಗನ್ನು ತಿಂದುಹಾಕುತ್ತದೆ.

ತುಕ್ಕಿನಿಂದ ಹಿಡಿದದ್ದಕ್ಕೆ ಸಮಯವೇ ಔಷಧ. ಡಿಝೆಲ್ ಮತ್ತು ಇಂಜನ್ ಎಣ್ಣೆ ಸಮವಾಗಿ ಬೆರೆಸಿ ನಾಝಲಿನ ತೂತಿನಿಂದ ಸುರಿದು ಎರಡು ಮೂರು ದಿನ ನೆನೆಯಬಿಡಬೇಕು. ಆಮೇಲೂ ಅಲುಗದಿದ್ದರೆ ಹೆಡ್ ಬಿಚ್ಚಿ, ಪಿಸ್ಟನ್ನಿನ ತಲೆಯ ಮೇಲೆ ಜಾಲಿಕಟ್ಟಿಗೆಯ ತುಂಡಿಟ್ಟು ಮೆಲ್ಲಗೆ ಬಡಿಯಬಹುದು. ಕಬ್ಬಿಣದ ಸಲಾಕೆಯಿಂದ ಬಡಿಯಕೂಡದು.

ಕಾಯ್ದು ಹಿಡಿದ ಇಂಜನ್ನು ಆರಿದ ಮೇಲೆ ತಾನಾಗಿಯೇ ಬಿಡುವುದುಂಟು. ಇದನ್ನು ಕಂಡು ಹಿಗ್ಗಿ ಮತ್ತೆ ಚಾಲೂ ಮಾಡಿದರೆ ಗಾಯಗೊಂಡ ಪಿಸ್ಟನ್ನು ಸಿಲಿಂಡರನ್ನೂ ಕೆಡಿಸುತ್ತದೆ. ಬಿಸಿಯ ಮೇಲೆ ತಣ್ಣೀರು ಸುರಿಯುವುದಂತೂ ಘಾತಕ; ಬೀಡು ಸೀಳುತ್ತದೆ.

ಬಿಚ್ಚಿದ ಪಿಸ್ಟನ್ನನ್ನು ಒರೆಸಿ ಬೆಳಕಿಗೆ ಹಿಡಿದು ನೋಡಿರಿ, ಅದು ಕಥೆ ಹೇಳುತ್ತದೆ. ಸುತ್ತಲೂ ಉದ್ದುದ್ದ ಗೆರೆಗಳಿದ್ದರೆ ತಂಪು ನೀರು ನಿಂತಿತ್ತು. ರಾಡು ಒತ್ತುವ ಎರಡು ಬದಿಗಳಲ್ಲಿ ಮಾತ್ರ ಗೀಚಿದ್ದರೆ ಎಣ್ಣೆಯ ಕೊರತೆ ಅಥವಾ ಮಿತಿಮೀರಿದ ಹೊರೆ. ಒಂದೇ ಕಡೆ ಆಳವಾದ ತೋಡು ಬಿದ್ದಿದ್ದರೆ ಮುರಿದ ರಿಂಗೋ, ಪಿನ್ನಿನ ಚಿಲಕವೋ ಕಾರಣ. ತಲೆಯ ಒಂದು ಭಾಗ ಸುಟ್ಟು ತಿಂದಂತಿದ್ದರೆ ನಾಝಲು ಸರಿಯಾಗಿ ಚಿಮ್ಮದೆ ತೊಟ್ಟಿಕ್ಕುತ್ತಿದೆ. ಕಾರಣ ತಿಳಿಯದೆ ಹೊಸ ಪಿಸ್ಟನ್ನು ಹಾಕುವುದು ಸೋರುವ ಮಾಳಿಗೆಯ ಕೆಳಗೆ ಕಾಳು ಒಣಹಾಕಿದಂತೆ.

ಅಳತೆಯ ಕೆಲಸವನ್ನು ಅನುಭವವುಳ್ಳ ಫಿಟ್ಟರನಿಗೇ ಬಿಡುವುದು ಒಳಿತು, ಆದರೆ ಹತ್ತಿರ ನಿಂತು ನೋಡಿರಿ. ಸಿಲಿಂಡರು ಹೆಚ್ಚು ಸವೆಯುವುದು ಮೇಲಿನ ರಿಂಗು ಹಿಂದಿರುಗುವ ಜಾಗದಲ್ಲಿ. ಅಲ್ಲಿ ಉಗುರಿಗೆ ಅಂಚು ತಡೆದರೆ ಸವೆತ ಬಹಳವಾಗಿದೆ. ಲೇಥಿನವರಲ್ಲಿ ಕೊರೆಯಿಸಿ ದೊಡ್ಡ ಅಳತೆಯ ಪಿಸ್ಟನ್ನು ಹಾಕಬಹುದು, ಅಥವಾ ಲೈನರು ಬದಲಿಸಬಹುದು. ಲೈನರು ಸಿಗುವಂತಿದ್ದರೆ ನನಗೆ ಎರಡನೆಯದೇ ಮೇಲು. ಹೊಸ ರಿಂಗನ್ನು ಬರಿಯ ಸಿಲಿಂಡರಿನಲ್ಲಿಟ್ಟು ಅದರ ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ನೋಡದೆ ಹಾಕಿಸಿಕೊಳ್ಳಬಾರದು. 80 ಮಿಲಿಮೀಟರಿಗೆ ಸುಮಾರು 0.3ರಿಂದ 0.4 ಮಿಲಿಮೀಟರ್ ಬೇಕಾಗುತ್ತದೆ. ತಯಾರಕರ ಪುಸ್ತಕದ ಅಂಕಿಯೇ ಕೊನೆಯ ಮಾತು. ಸಂದಿಲ್ಲದ ರಿಂಗು ಕಾಯ್ದಾಗ ತುದಿಗೆ ತುದಿ ತಾಗಿ ಮತ್ತೆ ಹಿಡಿಯುತ್ತದೆ. ರಿಂಗುಗಳ ಬಾಯಿಗಳು ಒಂದರ ಕೆಳಗೊಂದು ಬಾರದಂತೆ ತಿರುಗಿಸಿಡಬೇಕು. ರಾಡಿನ ಟೋಪಿಯ ಗುರುತು ರಾಡಿನ ಗುರುತಿಗೇ ಕೂಡಬೇಕು. ಎಣ್ಣೆಯ ಜಾಳಿಗೆಯನ್ನೂ ದಾರಿಗಳನ್ನೂ ಊದಿ ಚೊಕ್ಕಟ ಮಾಡಬೇಕು. ಹೆಡ್ಡಿಗೆ ಹೊಸ ಪ್ಯಾಕಿಂಗ್ ಹಾಕಿ ನಟ್ಟುಗಳನ್ನು ಒಂದೇ ಸಲಕ್ಕೆ ಬಿಗಿಯದೆ ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು.

ನಾಝಲಿನ ಪರೀಕ್ಷೆಯನ್ನು ಅದರ ಯಂತ್ರವಿದ್ದ ಕಡೆಗೇ ಮಾಡಿಸಿರಿ. ಅದರಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ; ಹಾಗಾದರೆ ಗಾಯ ಸೂಜಿಯ ಮೊನೆಯಷ್ಟಿದ್ದರೂ ತಡಮಾಡದೆ ದವಾಖಾನೆಗೆ ಹೋಗಬೇಕು. ಡಿಝೆಲ್ ಟಾಕಿಯ ತಳದ ನೀರನ್ನೂ ಮರೆಯದೆ ಇಳಿಸಿರಿ.

ಚಾಲೂ ಮಾಡುವ ಮೊದಲು ಕವಾಟ ಎತ್ತಿಟ್ಟು ಗಾಲಿಯನ್ನು ಚೆನ್ನಾಗಿ ತಿರುವಿ ಎಣ್ಣೆ ಮೇಲಕ್ಕೆ ಬಂದುದನ್ನು ಕಣ್ಣಿಂದ ನೋಡಬೇಕು. ಆರಂಭದಲ್ಲಿ ಸ್ವಲ್ಪ ಹೊತ್ತು ಬರಿದೆ, ಬಳಿಕ ಒಂದೆರಡು ದಿನ ಅರ್ಧ ಹೊರೆಯಲ್ಲಿ ಓಡಿಸಿ ಆ ಎಣ್ಣೆಯನ್ನು ಚೆಲ್ಲಿ ಹೊಸದು ಹಾಕಬೇಕು.

ಉಳಿದದ್ದು ತಂಪು ನೀರಿನ ದಾರಿ. ನಮ್ಮಲ್ಲಿ ಬಹಳ ಇಂಜನ್ನುಗಳಿಗೆ ತಂಪು ನೀರು ಬರುವುದು ಅದೇ ಪಂಪಿನ ಕೊಳವೆಯಿಂದ ತೆಗೆದ ಸಣ್ಣ ನಳಿಗೆಯ ಮೂಲಕ. ಬೇಸಿಗೆಯಲ್ಲಿ ಬಾವಿಯ ನೀರು ತಳಕ್ಕೆ ಹೋಯಿತೆಂದರೆ, ಇಲ್ಲವೆ ಕೆಳಗಿನ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿತೆಂದರೆ, ಪಂಪು ಗಾಳಿ ಹಿಡಿಯುತ್ತದೆ. ನೀರು ನಿಲ್ಲುತ್ತದೆ, ಹೊರೆ ಹಗುರಾದ ಇಂಜನ್ನು ಮಾತ್ರ ಸದ್ದು ಮಾಡುತ್ತ ಓಡುತ್ತಲೇ ಇರುತ್ತದೆ. ರೈತ ದೂರದ ಮಡಿಯಲ್ಲಿ ನೀರು ಬರುವುದನ್ನೇ ಕಾಯುತ್ತಿರುತ್ತಾನೆ. ಜವುಳು ನೀರಿನ ಕಡೆ ನಳಿಗೆಯೊಳಗೆ ಸುಣ್ಣ ಕಟ್ಟಿಕೊಂಡೂ ಹೀಗಾಗುತ್ತದೆ. ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ ತಂತಿ ಹಾಯಿಸಬೇಕು. ಇಂಜನ್ನಿನಿಂದ ಹೊರಬೀಳುವ ಬಿಸಿನೀರಿನ ಕೊಳವೆಯನ್ನು ಬಾವಿಯೊಳಗೆ ಬಿಡದೆ, ಕಾಲುವೆಯ ಮೇಲೆ ಎಲ್ಲರಿಗೂ ಕಾಣುವಂತೆ ಎತ್ತರಿಸಿ ಬಿಡಿರಿ. ಎಮ್ಮೆ ಹೊಡೆದುಕೊಂಡು ಹೋಗುವ ಹುಡುಗನಿಗೂ ಧಾರೆ ನಿಂತದ್ದು ಕಂಡರೆ ಬಂದು ಇಂಜನ್ನು ಬಂದ್ ಮಾಡುವಷ್ಟು ಕಲಿಸಿಡಿರಿ.