ನೊರೆ ಬೇಕು ಸರಿ, ಯಾವ ಕಾಫಿಗೆ?
ಕಾಫಿಪುಡಿ ಅಂಗಡಿಯಲ್ಲಿ ಕಲಿತ ಕೆಲವು ಪಾಠಗಳು

ಪುಡಿ ಕೊಳ್ಳಲು ಬರುವವರು ಮೊದಲೆಲ್ಲ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ಚಿಕೋರಿ ಎಷ್ಟು ಹಾಕಿಸಲಿ, ಫಿಲ್ಟರ್ ಯಾವ ಸೈಜಿನದು ತಗೊಳ್ಳಲಿ. ಈಗ ಮೂರನೆಯದೊಂದು ಸೇರಿಕೊಂಡಿದೆ. ಫೋನಿನಲ್ಲಿ ಚಿತ್ರ ತೋರಿಸಿ, "ಸಾರ್, ಇದನ್ನ ತರಿಸಿಕೊಂಡ್ರೆ ಹೋಟ್ಲಲ್ಲಿ ಬರೋ ಥರ ನೊರೆ ಬರುತ್ತಾ?" ಅಂತ ಕೇಳುತ್ತಾರೆ. ಅಂಥ ಯಂತ್ರಗಳನ್ನು ನಾನು ಮಾರುವುದಿಲ್ಲ. ಆದರೆ ಪುಡಿಯ ರುಚಿ ನೋಡಲೆಂದು ಅಂಗಡಿಯ ಹಿಂದಿನ ಒಲೆಯ ಮೇಲೆ ದಿನವೂ ಹಾಲು ಕಾಯುತ್ತದೆ. ನೆಂಟರು ಉಡುಗೊರೆ ಕೊಟ್ಟವು, ಗಿರಾಕಿಗಳು "ನೀವೇ ಇಟ್ಕೊಳ್ಳಿ" ಎಂದು ಬಿಟ್ಟುಹೋದವು, ನಾನೇ ಕೊಂಡವು, ಹೀಗೆ ಹಲವು ಸಲಕರಣೆಗಳು ಅಲ್ಲಿನ ಗೂಡಿನಲ್ಲಿ ಕೂತಿವೆ. ಅವುಗಳ ಜೊತೆ ಏಗಿ ತಿಳಿದುಕೊಂಡದ್ದು ಇಷ್ಟು.

1. ಮೊದಲು ಕಾಫಿ, ಆಮೇಲೆ ಸಲಕರಣೆ

ಎಸ್ಪ್ರೆಸೊ ಮಷೀನಿನಿಂದ ಕಾಫಿ ಬಿಸಿಬಿಸಿಯಾಗಿಯೇ ಇಳಿಯುತ್ತದೆ. ಅದಕ್ಕೆ ಸೇರುವ ಹಾಲು 60ರಿಂದ 65 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಆ ಬಿಸಿಯಲ್ಲಿ ಹಾಲಿನ ಸಿಹಿ ನಾಲಿಗೆಗೆ ಚೆನ್ನಾಗಿ ಸಿಗುತ್ತದೆ. 70 ದಾಟಿದರೆ ಕಾಯಿಸಿದ ಹಾಲಿನ ವಾಸನೆ ಶುರುವಾಗುತ್ತದೆ. ನೊರೆ ಮಾಡುವ ವಿದ್ಯುತ್ ಜಗ್‌ಗಳನ್ನು ಸಾಮಾನ್ಯವಾಗಿ ಈ ಲೆಕ್ಕಕ್ಕೇ ಹೊಂದಿಸಿರುತ್ತಾರೆ. ಹಾಲು 65ರ ಆಸುಪಾಸಿಗೆ ಬಂತೋ, ಜಗ್ ತಾನಾಗಿ ನಿಂತುಬಿಡುತ್ತದೆ.

ನಮ್ಮ ಡಿಕಾಕ್ಷನ್ ಕಥೆ ಬೇರೆ. ಬೆಳಗಿನ ಜಾವ ಫಿಲ್ಟರಿಗೆ ನೀರು ಹಾಕಿ ಇಳಿಸಿದ್ದು ಎಂಟು ಗಂಟೆಯ ಎರಡನೇ ಕಾಫಿಯ ಹೊತ್ತಿಗೆ ತಣ್ಣಗಾಗಿರುತ್ತದೆ. 28 ಡಿಗ್ರಿಯ 40 ಮಿಲಿ ಡಿಕಾಕ್ಷನ್‌ಗೆ 65 ಡಿಗ್ರಿಯ 120 ಮಿಲಿ ಹಾಲು ಬೆರೆಸಿ ನೋಡಿ, ಲೋಟದಲ್ಲಿ ಸಿಗುವುದು ಹೆಚ್ಚುಕಡಿಮೆ 56 ಡಿಗ್ರಿ. ಸ್ಟೀಲ್ ಲೋಟ ಅದರಲ್ಲೂ ತನ್ನ ಪಾಲು ಎಳೆದುಕೊಳ್ಳುತ್ತದೆ. ಹಾಲು ಆಗತಾನೆ ಉಕ್ಕಿದ್ದಾಗಿ 95 ಡಿಗ್ರಿ ಇದ್ದರೆ ಅದೇ ಲೆಕ್ಕ 78ಕ್ಕೆ ಏರುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಜಗ್ ತಂದವರು "ನೊರೆ ಭೇಷಾಗಿ ಬರುತ್ತೆ, ಆದ್ರೆ ಯಜಮಾನರು ಕಾಫಿ ಆರಿಹೋಗಿದೆ ಅಂತಾರೆ" ಎಂದು ಗೊಣಗುವುದು ಇದಕ್ಕೇ. ಜಗ್‌ನಲ್ಲಿ ದೋಷವಿಲ್ಲ, ಅದನ್ನು ಮಾಡಿರುವುದೇ ಬೇರೆ ಕಾಫಿಗೆ. ಇರುವ ಜಗ್‌ನಲ್ಲೇ ಫಿಲ್ಟರ್ ಕಾಫಿ ಆಗಬೇಕೆಂದರೆ ಡಿಕಾಕ್ಷನ್ ಪಾತ್ರೆಯನ್ನು ಬಿಸಿನೀರಲ್ಲಿ ಕೂರಿಸಿ ಬೆಚ್ಚಗೆ ಮಾಡಿಕೊಳ್ಳಿ, ಲೋಟಕ್ಕೂ ಬಿಸಿನೀರು ಸುರಿದು ಚೆಲ್ಲಿ.

2. ಫಿಲ್ಟರ್ ಕಾಫಿಯಷ್ಟೇ ಕುಡಿಯುವ ಮನೆಗೆ ಲೋಟ, ಬಟ್ಟಲು ಸಾಕು

ಯಂತ್ರ ಬೇಡವೆಂದು ವ್ಯಾಪಾರಿ ಹೇಳಬಾರದೇನೋ, ಆದರೂ ಹೇಳುತ್ತೇನೆ. ಲೋಟವನ್ನು ಎತ್ತಿ ಸುರಿದಾಗ ಎತ್ತರದಿಂದ ಬೀಳುವ ಕಾಫಿಯ ಧಾರೆ ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಬಟ್ಟಲಿಗೆ ಇಳಿಯುತ್ತದೆ. ಆ ಗಾಳಿಯೇ ಗುಳ್ಳೆ. ಗುಳ್ಳೆಗಳು ದೊಡ್ಡವು, ಒಂದೆರಡು ನಿಮಿಷದಲ್ಲಿ ಒಡೆಯುತ್ತವೆ, ನಿಜ. ಅಷ್ಟರಲ್ಲಿ ಅರ್ಧ ಲೋಟ ಗಂಟಲಿಗೆ ಇಳಿದಿರುತ್ತದೆಯಲ್ಲ. ಜೊತೆಗೆ ಸಕ್ಕರೆ ಕರಗುತ್ತದೆ, ಡಿಕಾಕ್ಷನ್ ಹದವಾಗಿ ಬೆರೆಯುತ್ತದೆ, ಬಾಯಿ ಸುಡುವ ಬಿಸಿ ಕುಡಿಯುವ ಬಿಸಿಗೆ ಇಳಿಯುತ್ತದೆ. ಇಷ್ಟೂ ಕೆಲಸ ಒಟ್ಟಿಗೆ ಮಾಡುವ ಯಂತ್ರ ನಾನು ನೋಡಿಲ್ಲ.

ಮೊದಲ ಸಲ ಹತ್ತಿರದಿಂದಲೇ ಸುರಿಯಿರಿ, ಆಮೇಲೆ ಕೈ ಏರಿಸುತ್ತ ಹೋಗಿ. ಒಂದು ಮೊಳ ಎತ್ತರ ಸಾಕು, ಅದಕ್ಕಿಂತ ಮೇಲಿನದು ನೋಡುವವರ ಖುಷಿಗೆ. ಮೂರು ನಾಲ್ಕು ಸಲಕ್ಕಿಂತ ಹೆಚ್ಚು ಎತ್ತಿ ಸುರಿದರೆ ನೊರೆ ಹೆಚ್ಚುವುದಿಲ್ಲ, ಕಾಫಿ ಆರುತ್ತದೆ. ಕೊಳ್ಳುವಾಗ ಕಂಠ ಹೊರಕ್ಕೆ ಹೊರಳಿದ ಲೋಟವನ್ನೇ ಆರಿಸಿ. ಲೋಟದ ಮೈ ಸುಡುತ್ತಿದ್ದರೂ ಆ ಅಂಚನ್ನು ಹೆಬ್ಬೆರಳು, ನಡುಬೆರಳಲ್ಲಿ ಹಿಡಿದು ಎತ್ತಬಹುದು. ಧಾರೆ ಕೂಡ ಲೋಟದ ಮೈಗುಂಟ ಸೋರದೆ ನೇರ ಬೀಳುತ್ತದೆ. ಬಟ್ಟಲು ಆಳವಿರಲಿ. ತಟ್ಟೆಯಂಥ ಚಪ್ಪಟೆ ಬಟ್ಟಲಿಗೆ ಸುರಿದರೆ ಕಾಫಿ ಅಡುಗೆಕಟ್ಟೆಯ ಮೇಲೆ.

3. ನೊರೆ ಬರದಿದ್ದರೆ ಯಂತ್ರವನ್ನು ಬೈಯುವ ಮುಂಚೆ ಹಾಲು ನೋಡಿ

ಗುಳ್ಳೆಯ ಗೋಡೆ ಕಟ್ಟುವುದು ಹಾಲಿನ ಪ್ರೋಟೀನು. ಕೊಬ್ಬು ಆ ಗೋಡೆಯನ್ನು ಸಡಿಲಿಸುತ್ತದೆ, ಆದರೆ ಬಾಯಿಗೆ ನುಣುಪು, ತೂಕ ಕೊಡುವುದೂ ಅದೇ. ನಮ್ಮ ದೇಶದ ನಿಯಮದಂತೆ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3, ಡಬಲ್ ಟೋನ್ಡ್‌ನಲ್ಲಿ ಶೇ 1.5, ಫುಲ್ ಕ್ರೀಮ್‌ನಲ್ಲಿ ಶೇ 6 ಇರಬೇಕು. ಡಬಲ್ ಟೋನ್ಡ್ ಹಾಲು ಎತ್ತರಕ್ಕೆ ಉಬ್ಬುತ್ತದೆ, ಕುಡಿದರೆ ಮಾತ್ರ ಗಾಳಿಯನ್ನೇ ಕುಡಿದ ಹಾಗೆ. ಫುಲ್ ಕ್ರೀಮ್ ಉಬ್ಬುವುದು ಕಡಿಮೆ. ಕ್ಯಾಪುಚಿನೊಗೆ ನಾನು ಟೋನ್ಡ್ ಹಾಲಿಗೇ ಕೈಹಾಕುತ್ತೇನೆ, ಅಂದರೆ ನಂದಿನಿಯ ನೀಲಿ ಪ್ಯಾಕೆಟ್. ಫಿಲ್ಟರ್ ಕಾಫಿಗೆ ಮಾತ್ರ ಗಟ್ಟಿ ಹಾಲೇ ಬೇಕು, ಅದರಲ್ಲಿ ರಾಜಿ ಇಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕೊಬ್ಬಿರುವ ಹಾಲು ಉಗುರುಬೆಚ್ಚಗಿದ್ದಾಗ ನೊರೆ ಬರುವುದು ತೀರ ಕಡಿಮೆ. ಆ ಬಿಸಿಯಲ್ಲಿ ಕೊಬ್ಬು ಅರ್ಧ ಗಟ್ಟಿ, ಅರ್ಧ ಕರಗಿ, ಗುಳ್ಳೆಗಳನ್ನು ಒಡೆಯಲೆಂದೇ ಕಾದು ನಿಂತಿರುತ್ತದೆ. ಹಾಗಾಗಿ ಹಾಲು ಫ್ರಿಜ್ಜಿನಲ್ಲಿಟ್ಟಷ್ಟು ತಣ್ಣಗಿರಲಿ, ಇಲ್ಲವೇ ಚೆನ್ನಾಗಿ ಬಿಸಿಯಿರಲಿ. ಕಾಯಿಸಿ ಆರಲು ಬಿಟ್ಟ ಹಾಲು ನೊರೆಯ ಮಟ್ಟಿಗೆ ಎರಡಕ್ಕೂ ಇಲ್ಲದ್ದು.

ಕೆನೆಯ ತೊಂದರೆ ನಮ್ಮ ಮನೆಗಳಿಗೇ ವಿಶೇಷವಾದದ್ದು. ಪ್ಯಾಕೆಟ್ ಹಾಲನ್ನೂ ನಾವು ಕಾಯಿಸಿಯೇ ಇಡುವವರು. ಮೇಲೆ ಕಟ್ಟಿದ ಕೆನೆಯ ಎಳೆ ನೊರೆ ಎಬ್ಬಿಸುವ ಫ್ರಾದರಿನ ಸ್ಪ್ರಿಂಗಿಗೆ ಸುತ್ತಿಕೊಂಡರೆ ಮೋಟಾರಿನ ಸದ್ದೇ ಬದಲಾಗುತ್ತದೆ, 'ಝೊಂಯ್' ಎನ್ನುತ್ತಿದ್ದದ್ದು 'ಗೊರ್‌' ಎನ್ನತೊಡಗುತ್ತದೆ. ಟೀ ಸೋಸುವ ಜಾಲರಿಯಲ್ಲಿ ಹಾಲನ್ನು ಒಮ್ಮೆ ಸೋಸಿಕೊಂಡರೆ ಮುಗಿಯಿತು. ಹಾಲು ಹಳತಾದರೂ ನೊರೆ ಕೂರುವುದಿಲ್ಲ. ಕೊಬ್ಬು ಒಡೆದು ಹೊರಬರುವ ಆಮ್ಲಗಳು ಗುಳ್ಳೆಗಳನ್ನು ನಿಲ್ಲಗೊಡುವುದಿಲ್ಲ, ನಾಲಿಗೆಗೆ ಹುಳಿ ಇನ್ನೂ ತಿಳಿಯದಿದ್ದರೂ. ಓಟ್ ಹಾಲು ಬಳಸುವವರು ಪ್ಯಾಕೆಟ್ಟಿನ ಮೇಲೆ 'ಬ್ಯಾರಿಸ್ಟಾ' ಎಂದು ಬರೆದಿರುವುದನ್ನು ಕೊಳ್ಳಿ. ಅದರಲ್ಲಿ ಸಾಮಾನ್ಯವಾಗಿ ಒಂದಿಷ್ಟು ಎಣ್ಣೆಯನ್ನೂ ಕಾಫಿಯ ಹುಳಿಗೆ ಹಾಲು ಒಡೆಯದಂತೆ ತಡೆಯುವ ಲವಣವನ್ನೂ ಸೇರಿಸಿರುತ್ತಾರೆ.

4. ಬ್ಯಾಟರಿ ಫ್ರಾದರ್: ಅಗ್ಗ, ಕಲಿಯಲು ಒಳ್ಳೆಯದು

ಕಡ್ಡಿಯ ತುದಿಯಲ್ಲಿ ಸ್ಪ್ರಿಂಗಿನ ಬಳೆ, ಹಿಡಿಯೊಳಗೆ ಎರಡು ಪೆನ್ಸಿಲ್ ಸೆಲ್. ಒಬ್ಬರು, ಇಬ್ಬರಿರುವ ಮನೆಗೆ ಧಾರಾಳವಾಯಿತು. ಹಾಲು ಲೋಟದ ಅರ್ಧಕ್ಕಿಂತ ಮೇಲಿರಬಾರದು. ಬಳೆಯನ್ನು ಹಾಲಿನಲ್ಲಿ ಮುಳುಗಿಸಿಯೇ ಗುಂಡಿ ಒತ್ತಬೇಕು, ನಿಲ್ಲಿಸಿದ ಮೇಲೇ ಎತ್ತಬೇಕು. ಇಲ್ಲದಿದ್ದರೆ ಗೋಡೆಗೆಲ್ಲ ಹಾಲಿನ ಚುಕ್ಕಿ. ಲೋಟವನ್ನು ಸ್ವಲ್ಪ ಓರೆ ಮಾಡಿ. ಬಳೆ ಮೇಲ್ಮೈಗೆ ಹತ್ತಿರವಿದ್ದಾಗ ಗಾಳಿ ಸೇರಿಸುತ್ತದೆ, ಕೆಳಕ್ಕೆ ಇಳಿಸಿದಾಗ ದೊಡ್ಡ ಗುಳ್ಳೆಗಳನ್ನು ಚೂರು ಮಾಡುತ್ತದೆ. ಬಹಳ ಜನ ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಡುತ್ತಾರೆ, ಆಮೇಲೆ ಸೋಪಿನ ನೊರೆ ಬಂತು ಅನ್ನುತ್ತಾರೆ.

ಮತ್ತೆ ಮತ್ತೆ ಚಾರ್ಜ್ ಮಾಡುವ ಸೆಲ್ ಹಾಕಿ "ವೇಗವೇ ಇಲ್ಲ" ಎನ್ನುವವರಿದ್ದಾರೆ. ಮಾಮೂಲಿ ಸೆಲ್ 1.5 ವೋಲ್ಟಿನದು, ಚಾರ್ಜ್ ಆಗುವ ನಿಕಲ್ ಸೆಲ್ 1.2. ಎರಡು ಸೇರಿದರೆ 3ರ ಬದಲು 2.4. ಅಗ್ಗದ ಮೋಟಾರಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ. ಅಂಗಡಿಯಲ್ಲೇ ನೋಡುವುದಾದರೆ ಹಾಲಿಲ್ಲದೆ ಒಮ್ಮೆ ತಿರುಗಿಸಿ ನೋಡಿ. ಕಡ್ಡಿ ಓಲಾಡುತ್ತಿದ್ದರೆ ಬಿಡಿ, ಮುಂದೆ ಅದು ಬಾಗುವುದು ಖಂಡಿತ.

5. ನನ್ನ ಓಟು ಫ್ರೆಂಚ್ ಪ್ರೆಸ್ಸಿಗೆ

ಮಿಲಾನಿನ ಕಾಲಿಮಾನಿ, ಮೊನೆಟಾ ಎಂಬಿಬ್ಬರು 1929ರಲ್ಲಿ ಈ ಜಾಲರಿ ಒತ್ತುವ ಪಾತ್ರೆಗೆ ಪೇಟೆಂಟ್ ಮಾಡಿಸಿದಾಗ ಅದು ಕಾಫಿ ಸೋಸಲಿಕ್ಕೆಂದು ಇದ್ದದ್ದು. ಹಾಲಿಗೂ ಅದು ಒದಗುವುದು ಜಾಲರಿಯ ದೆಸೆಯಿಂದ. ಹಾಲು, ಗಾಳಿ ಎರಡೂ ಆ ಸಣ್ಣ ಕಣ್ಣುಗಳ ಮೂಲಕ ನುಗ್ಗುವಾಗ ಗುಳ್ಳೆಗಳು ಚೂರುಚೂರಾಗುತ್ತವೆ. ಕರೆಂಟ್ ಬೇಡ, ಸೆಲ್ ಬೇಡ, ಕೆಡುವ ಮೋಟಾರಿಲ್ಲ. ಒಲೆಯ ಮೇಲೆ ಎಷ್ಟು ಬೇಕೋ ಅಷ್ಟು ಬಿಸಿ ಮಾಡಿಕೊಂಡು ಸುರಿಯಬಹುದಾದ್ದರಿಂದ ಮೊದಲ ಪಾಠದ ತಕರಾರೂ ಇಲ್ಲ. ನಾಲ್ಕು ಲೋಟಕ್ಕಾಗುವಷ್ಟು ನೊರೆಹಾಲು ಒಂದೇ ಏಟಿಗೆ ಸಿಗುತ್ತದೆ, ಅದೂ ಕೆಫೆಯ ಹಾಲಿಗೆ ಹತ್ತಿರದ ನುಣುಪಿನಲ್ಲಿ.

ಪಾತ್ರೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಾಲು ಹಾಕಬೇಡಿ. ಮುಚ್ಚಳವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಮೊದಲು ಜಾಲರಿ ಹಾಲಿನಿಂದ ಮೇಲೆ ಬರುವಷ್ಟು ಹಿಡಿಯನ್ನು ಎತ್ತಿ ಬೇಗಬೇಗ ಒತ್ತಿ. ಹಾಲು ಎರಡರಷ್ಟಾಗುತ್ತ ಬಂದಾಗ ಹಿಡಿ ಭಾರವಾಗುತ್ತದೆ, ಕೈಗೇ ತಿಳಿಯುತ್ತದೆ. ಅಲ್ಲಿಂದಾಚೆಗೆ ಜಾಲರಿ ಹಾಲಿನೊಳಗೇ ಇರುವಂತೆ ಚಿಕ್ಕದಾಗಿ ಆಡಿಸಿ. ಆಮೇಲೆ ಅರ್ಧ ನಿಮಿಷ ಸುಮ್ಮನೆ ಬಿಡಿ. ಬೇರೊಂದು ಪಾತ್ರೆಗೆ ಬಗ್ಗಿಸಿಕೊಂಡು, ತಳವನ್ನು ಕಟ್ಟೆಗೆ ಎರಡು ಸಲ ಕುಟ್ಟಿ, ಗರಗರ ಆಡಿಸಿ. ಕಣ್ಣಿಗೆ ಕಾಣುವ ಗುಳ್ಳೆಗಳು ಮಾಯವಾಗಿ ಮೇಲ್ಮೈ ಹೊಳೆಯತೊಡಗಿತೆಂದರೆ ಹದ ಬಂತು. ನೊರೆ ಬೇರೆ, ಹಾಲು ಬೇರೆ ಆಗುವುದಕ್ಕೆ ಮೊದಲೇ ಸುರಿಯಬೇಕು.

ಗಾಜಿನದು ಬೇಡ, ಸ್ಟೀಲಿನದು ಕೊಳ್ಳಿ, ಜೋರಾಗಿ ಒತ್ತುವುದಕ್ಕೂ ಧೈರ್ಯ. ಮನೆಯಲ್ಲಿ ಅದೇ ಪ್ರೆಸ್ಸಿನಲ್ಲಿ ಕಾಫಿಯನ್ನೂ ಸೋಸುತ್ತೀರಾದರೆ ಹಾಲಿಗೆ ಬೇರೆಯದೇ ಇಡಿ. ಜಾಲರಿಗೆ ಅಂಟಿದ ಕಾಫಿಯ ಜಿಡ್ಡು ನೊರೆಯನ್ನು ಕೂರಿಸಿಬಿಡುತ್ತದೆ.

6. ವಿದ್ಯುತ್ ಜಗ್

ಗುಂಡಿ ಒತ್ತಿ ದೋಸೆ ಹುಯ್ಯಲು ಹೋಗಬಹುದು, ಅದರ ಸುಖ ಅದು. ಆದರೆ ಡಬ್ಬದ ಮೇಲಿನ ಅಳತೆ ನೋಡಿ ಮೋಸಹೋಗಬೇಡಿ. ಒಳಗೆ ಎರಡು ಗೆರೆಗಳಿರುತ್ತವೆ: ಮೇಲಿನದು ಹಾಲು ಬರೀ ಕಾಯಿಸಲು, ಕೆಳಗಿನದು ನೊರೆಗೆ. ನಿಮಗೆ ಲೆಕ್ಕಕ್ಕೆ ಬರುವುದು ಕೆಳಗಿನದು, ಅದು ಒಂದೆರಡು ಕಪ್ಪಿಗಷ್ಟೇ. ಐದು ಜನರ ಮನೆಯಲ್ಲಿ ಮೂರನೆಯವರ ಕಾಫಿ ಆಗುವಾಗ ಮೊದಲಿನವರು ಆಫೀಸಿಗೆ ಹೊರಟಿರುತ್ತಾರೆ. ಹಾಲಿಗೆ ಮೊದಲೇ ಸಕ್ಕರೆ ಹಾಕಬೇಡಿ, ತಳ ಹಿಡಿಯುತ್ತದೆ. ಹಲವು ಮಾದರಿಗಳಲ್ಲಿ ತಿರುಗುವ ಬಳೆ ಅಯಸ್ಕಾಂತದ ಬಲದಿಂದ ತಳದಲ್ಲಿ ಸುಮ್ಮನೆ ಕೂತಿರುತ್ತದೆ, ಮೊಳೆಯಿಲ್ಲ, ತಿರುಪಿಲ್ಲ. ಪಾತ್ರೆ ತೊಳೆಯುವ ಗಡಿಬಿಡಿಯಲ್ಲಿ ಅದು ಸಿಂಕಿನ ದಾರಿ ಹಿಡಿದರೆ ಜಗ್ ಬರೀ ಚೊಂಬು. ಬಳೆ ಬಿಡಿಯಾಗಿ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿ.

7. ಹಬೆಯ ಕೊಳವೆಗಾಗಿ ಎಸ್ಪ್ರೆಸೊ ಮಷೀನ್ ಕೊಳ್ಳಬೇಡಿ

ಮದುವೆ ಮನೆಗಳಲ್ಲಿ 'ಎಸ್ಪ್ರೆಸೊ' ಎನ್ನುತ್ತಿದ್ದ ಕಾಫಿ ನೆನಪಿದೆಯೇ? ಇನ್‌ಸ್ಟಂಟ್ ಪುಡಿ, ಸಕ್ಕರೆ, ಹಾಲಿಗೆ ಬುಸ್ಸೆಂದು ಹಬೆ ಊದಿ, ಮೇಲೆ ಚಾಕೊಲೇಟ್ ಪುಡಿ ಉದುರಿಸಿ ಕೊಡುತ್ತಿದ್ದರು. ಎಸ್ಪ್ರೆಸೊ ಅದರಲ್ಲಿ ಒಂದು ಹನಿಯೂ ಇರುತ್ತಿರಲಿಲ್ಲ, ಆದರೂ ಜನ ಸಾಲು ನಿಲ್ಲುತ್ತಿದ್ದರು. ನೊರೆಯ ಮಹಿಮೆ ಅಷ್ಟು ದೊಡ್ಡದು. ಹಬೆಯಷ್ಟು ನುಣ್ಣನೆಯ ನೊರೆಯನ್ನು ಬೇರೆ ಯಾವುದೂ ಕೊಡುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಕೊಳವೆಯ ಮೂತಿಯನ್ನು ಮೇಲ್ಮೈಯ ಸ್ವಲ್ಪವೇ ಕೆಳಗಿಟ್ಟು, ಪಾತ್ರೆ ಬೆಚ್ಚಗಾಗುವವರೆಗೆ ಗಾಳಿ ಎಳೆಸಬೇಕು. ಆಮೇಲೆ ಮೂತಿಯನ್ನು ಒಳಕ್ಕಿಳಿಸಿ ಹಾಲು ಸುಳಿ ತಿರುಗುವಂತೆ ಹಿಡಿದು, ಪಾತ್ರೆಯ ಮೇಲೆ ಅಂಗೈ ಇಡಲಾಗದಷ್ಟು ಸುಟ್ಟ ಕ್ಷಣ ನಿಲ್ಲಿಸಬೇಕು.

ಆದರೆ ಹಬೆಯೂ ನೀರೇ. ಫ್ರಿಜ್ಜಿನ ಹಾಲನ್ನು 65ಕ್ಕೆ ಏರಿಸುವಷ್ಟರಲ್ಲಿ ಹತ್ತರಲ್ಲೊಂದು ಪಾಲು ನೀರು ಹಾಲಿಗೆ ಸೇರಿರುತ್ತದೆ. ಗಟ್ಟಿ ಹಾಲಿನ ನಾಲಿಗೆಗಳಿಗೆ ಅದು ಗೊತ್ತಾಗುತ್ತದೆ. ಅಗ್ಗದ ಮಷೀನುಗಳಲ್ಲಿ ಬಾಯ್ಲರ್ ಚಿಕ್ಕದು, ಎರಡನೇ ಕಪ್ಪಿಗೆ ಹಬೆ ಸೊರಗುತ್ತದೆ. ಕೊಳವೆಯ ಹೊರಕವಚದ ಪಕ್ಕದಲ್ಲಿ ಗಾಳಿ ಎಳೆಯುವ ಸಣ್ಣ ತೂತೊಂದಿರುತ್ತದೆ. ಹಾಲು ಒಣಗಿ ಅದು ಮುಚ್ಚಿಕೊಂಡರೆ ನೊರೆ ನಿಲ್ಲುತ್ತದೆ. ರಿಪೇರಿಯವರನ್ನು ಕರೆಯುವ ಮುಂಚೆ ಗುಂಡುಪಿನ್ನು ಹಾಕಿ ನೋಡಿ. ಎಸ್ಪ್ರೆಸೊ ನಿಜವಾಗಿ ಕುಡಿಯುವವರಿಗೆ ಮಷೀನ್ ಸರಿ. ಬರೀ ನೊರೆಗಾಗಿ ಅಡುಗೆಕಟ್ಟೆಯ ಕಾಲು ಭಾಗ ಬಿಟ್ಟುಕೊಡುವುದು ನನಗೆ ಸರಿ ಕಾಣುವುದಿಲ್ಲ.

8. ಬಿಸಿ ಹಾಲು ಮಿಕ್ಸಿಗೆ ಬೇಡ

ಹಬೆ ಮುಚ್ಚಳ ಹಾರಿಸುತ್ತದೆ, ಕೈ ಸುಡುತ್ತದೆ. ಖರ್ಚಿಲ್ಲದೆ ಪ್ರಯೋಗ ಮಾಡುವ ಆಸೆಯಿದ್ದರೆ ಜಾಮಿನ ಗಾಜಿನ ಬಾಟಲಿಗೆ ಫ್ರಿಜ್ಜಿನ ಹಾಲನ್ನು ಅರ್ಧಕ್ಕಿಂತ ಕಡಿಮೆ ಹಾಕಿ, ಮುಚ್ಚಿ, ಚೆನ್ನಾಗಿ ಕುಲುಕಿ. ಮುಚ್ಚಳ ತೆಗೆದಿಟ್ಟು ಮೈಕ್ರೋವೇವಿನಲ್ಲಿ ಅರ್ಧ ನಿಮಿಷ ಬಿಸಿ ಮಾಡಿದರೆ ನೊರೆ ಮೇಲೆದ್ದು ಗಟ್ಟಿಯಾಗಿ ನಿಲ್ಲುತ್ತದೆ. ಕಾಲೇಜು ಹುಡುಗರಿಗೆ ನಾನು ಹೇಳಿಕೊಡುವುದು ಇದನ್ನೇ.

9. ಕೊಳ್ಳುವಾಗ ತೊಳೆಯುವವರನ್ನೂ ಕರೆದುಕೊಂಡು ಹೋಗಿ

"ಇದನ್ನ ಬಿಚ್ಚೋದು ಹೇಗೆ?" ಅಂತ ಮೊದಲು ಕೇಳುವ ಗಿರಾಕಿಯ ಮನೆಯಲ್ಲಿ ಸಲಕರಣೆ ಬಾಳುತ್ತದೆ. ಫ್ರೆಂಚ್ ಪ್ರೆಸ್ಸಿನ ಜಾಲರಿ ಒಂದಲ್ಲ, ಎರಡು ಮೂರು ಬಿಲ್ಲೆಗಳ ನಡುವೆ ಸಿಕ್ಕಿಸಿದ್ದು. ಮೇಲಿಂದ ನಲ್ಲಿ ನೀರು ಬಿಟ್ಟರೆ ಫಳಫಳ ಹೊಳೆಯುತ್ತದೆ, ಬಿಲ್ಲೆಗಳ ಸಂದಿನ ಹಾಲು ಮಾತ್ರ ಅಲ್ಲೇ ಇರುತ್ತದೆ. ಮರುದಿನ ಬಿಸಿ ಹಾಲು ತಗುಲಿದಾಗ ಅದರ ಹುಳಿ ವಾಸನೆ ಏಳುತ್ತದೆ. ದಿನಾ ತಿರುಪು ಬಿಚ್ಚಿ ತೊಳೆಯಬೇಕು. ಬ್ಯಾಟರಿ ಫ್ರಾದರನ್ನು ಹಾಲು ಒಣಗುವ ಮೊದಲೇ ಒಂದು ಲೋಟ ನೀರಿನಲ್ಲಿ ತಿರುಗಿಸಿದರೆ ಆಯಿತು, ಹಿಡಿ ಮಾತ್ರ ನೆನೆಯಬಾರದು. ಹಬೆ ಕೊಳವೆಯನ್ನು ಒದ್ದೆ ಬಟ್ಟೆಯಿಂದ ಕೂಡಲೇ ಒರೆಸಿ ಒಮ್ಮೆ ಖಾಲಿ ಹಬೆ ಬಿಡಬೇಕು. ಜಗ್‌ನ ಒಳಮೈಗೆ ತಂತಿಬ್ರಷ್ ತಾಗಿಸಬಾರದು, ಲೇಪ ಏಳುತ್ತದೆ. ತಳಕ್ಕೆ ಹಾಲು ಹಿಡಿದಿದ್ದರೆ ಬಿಸಿನೀರು ಹಾಕಿ ಕಾಲು ಗಂಟೆ ಬಿಟ್ಟು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ.