ವಾರ್ಡಿನಿಂದ ಏನು ಕೇಳಬೇಕು, ಏನು ಕೇಳಬಾರದು

ಬೆಳಗಾವಿಯ ಆಟೋ ನಗರದಂಥ ಕಡೆ ಮನೋರೋಗ ಮೊದಲು ಕಣ್ಣಿಗೆ ಬೀಳುವುದು ಕೆಲಸದ ಜಾಗದಲ್ಲಿ. ನಾಲ್ಕು ರಾತ್ರಿ ನಿದ್ದೆಯಿಲ್ಲದಿದ್ದರೂ ದಣಿವಿಲ್ಲದೆ ಮಾತಾಡುವ ವೆಲ್ಡರ್ ಕೈಗೆ ಗ್ಯಾಸ್ ಕಟರ್ ಕೊಡಲು ಯಾವ ಮಾಲೀಕನಿಗೂ ಧೈರ್ಯ ಬರುವುದಿಲ್ಲ. ಮನೆಯವರು ದೇವರು, ತಾಯತ ಎಲ್ಲ ಮುಗಿಸಿದ ಮೇಲೆ ‘ಧಾರವಾಡಕ್ಕ ಕರ್ಕೊಂಡ ಹೋಗ್ರಿ’ ಎಂಬ ಮಾತು ಬರುತ್ತದೆ. ಇಂಥ ಮನೆಗಳ ಒಡನಾಟದಿಂದ ನಾನು ಕಂಡುಕೊಂಡದ್ದಿಷ್ಟು: ತೀವ್ರ ಮನೋರೋಗದ ವಾರ್ಡಿನ ಕೆಲಸ ಚಿಕ್ಕದು. ಜೀವ ಉಳಿಸುವುದು, ನಿದ್ದೆ ತರಿಸುವುದು, ಔಷಧದ ಪ್ರಮಾಣ ಹೊಂದಿಸುವುದು. ಪೂರ್ತಿ ವಾಸಿಯಾಗಿಯೇ ಬರಲಿ ಎಂದು ಕಾಯುವವರಿಗೆ ನಿರಾಶೆ ಖಂಡಿತ.

ಈ ಚಿಕ್ಕ ಕೆಲಸಕ್ಕೂ ಜನರಲ್ ಆಸ್ಪತ್ರೆಯೇ ಬೇಕೆಂದು ನಾನು ಹೇಳಲು ಕಾರಣವಿದೆ. ದಿನಾ ಕುಡಿಯುವವನು ಒಮ್ಮೆಲೇ ಬಿಟ್ಟ ಎರಡು ಮೂರು ದಿನಕ್ಕೆ ಕೈ ನಡುಗಿ, ಗೋಡೆಯ ಮೇಲೆ ಹುಳ ಹರಿದಂತೆ ಕಂಡು ಕೂಗಾಡತೊಡಗಿದರೆ ನೋಡಿದವರು ತಲೆ ಕೆಟ್ಟಿದೆ ಎನ್ನುತ್ತಾರೆ. ಅದು ಜೀವಕ್ಕೇ ಎರವಾಗುವ ಸ್ಥಿತಿ. ಡ್ರಿಪ್ಪು, ಥಯಾಮಿನ್, ಫಿಸಿಷಿಯನ್ ಎಲ್ಲ ಅಕ್ಕಪಕ್ಕದಲ್ಲೇ ಇರಬೇಕು. ಲಿಥಿಯಂ ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ನೋಡುತ್ತಿರಬೇಕು, ಹೆಚ್ಚಾದರೆ ವಿಷ. ಬಿಮ್ಸ್‌ನಂಥ ವೈದ್ಯಕೀಯ ಕಾಲೇಜು ಆಸ್ಪತ್ರೆ ಊರಲ್ಲೇ ಇರುವಾಗ ಎಲ್ಲರನ್ನೂ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಸಾಗಹಾಕುವುದು ಅಲ್ಲಿನ ಹಾಸಿಗೆಗೂ ಅನ್ಯಾಯ, ಕೂಲಿ ಬಿಟ್ಟು ಜೊತೆಗೆ ಕೂರುವ ಹೆಂಡತಿಗೂ ಅನ್ಯಾಯ. ಇದೇನು ಹೊಸ ಮಾತಲ್ಲ. ಮನೋವಿಶ್ಲೇಷಕ ಗಿರೀಂದ್ರಶೇಖರ ಬೋಸ್ ಕಲ್ಕತ್ತೆಯಲ್ಲಿ ಜನರಲ್ ಆಸ್ಪತ್ರೆಯೊಳಗೇ ಮನೋರೋಗ ವಿಭಾಗ ತೆರೆದದ್ದು 1933ರಲ್ಲಿ.

ಒಪ್ಪಿಗೆಯಿಲ್ಲದೆ ಒಳಗಿಡುವುದು ಬಂಧನವಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಬಾಗಿಲಲ್ಲೇ ಪೈಜಾಮದ ಲಾಡಿ, ಚಾರ್ಜರ್ ವೈರು, ಬ್ಲೇಡು ತೆಗೆದಿಟ್ಟುಕೊಳ್ಳುವ, ಮಾತ್ರೆ ನುಂಗಿದ್ದಾನೋ ಎಂದು ಬಾಯಿ ತೆರೆಸಿ ನೋಡುವ ಜಾಗ ಯಾರಿಗೆ ತಾನೇ ಹಿತ? ಆದರೆ ವಾರ್ಡು ಇಲ್ಲದ ಕಡೆ ಸ್ವಾತಂತ್ರ್ಯವೇನೂ ಇರುವುದಿಲ್ಲ, ಕೋಣೆಯ ಚಿಲಕ ಇರುತ್ತದೆ, ಇಲ್ಲವೇ ಸರಪಳಿ. ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಕಟ್ಟಿಹಾಕಿದ್ದ ಆಶ್ರಯಕ್ಕೆ 2001ರ ಆಗಸ್ಟಿನಲ್ಲಿ ಬೆಂಕಿ ಬಿದ್ದಾಗ 28 ಮಂದಿ ಸುಟ್ಟುಹೋದದ್ದು ಓಡಲು ಸರಪಳಿ ಬಿಡದ್ದರಿಂದ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದವರನ್ನು ಮೊದಲ ಸುತ್ತಿನಲ್ಲಿ 30 ದಿನಕ್ಕಿಂತ ಹೆಚ್ಚು ಇಡುವಂತಿಲ್ಲ, ಅವರ ಸ್ಥಿತಿಯನ್ನು ವಾರ ವಾರ ಮತ್ತೆ ನೋಡಬೇಕು, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಮೇಲ್ಮನವಿಗೂ ದಾರಿಯಿದೆ. ಮನೆಯ ಚಿಲಕದ ಮೇಲೆ ಮೇಲ್ಮನವಿ ಎಲ್ಲಿಗೆ?

ಸಮುದಾಯದಲ್ಲೇ ಆರೈಕೆ ಸಾಕು, ವಾರ್ಡಿಗೆ ಯಾಕೆ ದುಡ್ಡು ಎನ್ನುವವರು ಬಳ್ಳಾರಿಯ ಹೆಸರು ಹೇಳುತ್ತಾರೆ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಮಾಡಿದ ಪ್ರಯೋಗವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಜ. ಆದರೆ 1978ರ ಕಾನೂನಿನಿಂದ ಹುಚ್ಚಾಸ್ಪತ್ರೆಗಳನ್ನೇ ಮುಚ್ಚಹೊರಟ ಇಟಲಿ ಕೂಡ ಜನರಲ್ ಆಸ್ಪತ್ರೆಗಳಲ್ಲಿ 15 ಹಾಸಿಗೆ ಮೀರದ ವಾರ್ಡುಗಳನ್ನು ಉಳಿಸಿಕೊಂಡಿತು.

ನಮ್ಮಲ್ಲಿ ಎಡವುವುದು ಡಿಸ್ಚಾರ್ಜಿನಲ್ಲಿ. ಮನೆಗೆ ಬಂದ ಮೊದಲ ಕೆಲವು ವಾರಗಳೇ ಆತ್ಮಹತ್ಯೆಯ ಅಪಾಯ ಅತಿ ಹೆಚ್ಚಿರುವ ಕಾಲ. ಆಮೇಲಿನ ಆರೈಕೆ ಹೇಗೆಂದು ರೋಗಿ, ಮನೆಯವರು ಮತ್ತು ಮುಂದೆ ನೋಡಿಕೊಳ್ಳುವ ವೈದ್ಯರ ಜೊತೆ ಮಾತಾಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಕೈಗೆ ಬರುವುದು ಮಾತ್ರ ಒಂದು ಚೀಟಿ. ಖಾನಾಪುರದ ಕಾಡಂಚಿನ ಹಳ್ಳಿಯವನಿಗೆ ತಿಂಗಳಿಗೊಮ್ಮೆಯ ಇಂಜೆಕ್ಷನ್ ಬರೆದುಕೊಟ್ಟರೆ ಅದು ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುತ್ತದೆಯೇ, ಯಾವ ದಿನ, ಯಾರು ಹಾಕುತ್ತಾರೆ ಎಂದು ಅವನು ಬಸ್ಸು ಹತ್ತುವ ಮುಂಚೆಯೇ ಫೋನು ಮಾಡಿ ಕೇಳುವ ಕೆಲಸ ವಾರ್ಡಿನದು.