ಮಕ್ಕಳ ಕೈಯಲ್ಲಿ ಮೊಬೈಲ್: ನಿಗಾ ಇಡುವ ಆ್ಯಪ್ ಆರಿಸುವುದು ಹೇಗೆ?



ಸಂಜೆ ಹಸು ಕರೆದು, ಕ್ಯಾನು ಹಿಡಿದು ಡೇರಿಗೆ ಹೋಗಿ, ಸಾಲಿನಲ್ಲಿ ನಿಂತು, ಫ್ಯಾಟ್ ಎಷ್ಟು ಬಂತೆಂದು ನೋಡಿಕೊಂಡು ಮನೆಗೆ ಬರುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿರುತ್ತದೆ. ಅಷ್ಟು ಹೊತ್ತು ಮನೆಯಲ್ಲಿರುವ ಮಗುವಿನ ಕೈಯಲ್ಲಿ ಏನಿರುತ್ತದೆ? ಹೆಚ್ಚಿನ ಮನೆಗಳಲ್ಲಿ ಉತ್ತರ ಒಂದೇ: ಮೊಬೈಲ್.

2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಪಾಠಕ್ಕೆಂದು ಎಷ್ಟೋ ಮನೆಗಳಿಗೆ ಸ್ಮಾರ್ಟ್‌ಫೋನ್ ಬಂತು. ಶಾಲೆ ತೆರೆಯಿತು, ಫೋನು ಮನೆಯಲ್ಲೇ ಉಳಿಯಿತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಯಾವ ತಾಲ್ಲೂಕೇ ಆಗಲಿ, ಇಂದು ಇಂಟರ್ನೆಟ್ ಬಾರದ ಹಳ್ಳಿ ಕಡಿಮೆ.

ಅದೇ ಫೋನಿಗೆ ನಿಮ್ಮ ಹಾಲಿನ ಬಟವಾಡೆಯ ಮೆಸೇಜ್ ಬರುತ್ತದೆ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಜಮೆಯಾಗುವ ಬ್ಯಾಂಕ್ ಖಾತೆಯೂ ಅದೇ ನಂಬರಿಗೆ ಜೋಡಣೆಯಾಗಿರುತ್ತದೆ. ಹಾಗಾಗಿ ಮಗು ಫೋನಿನಲ್ಲಿ ಏನು ಮಾಡುತ್ತಿದೆ ಎಂಬುದು ಮಗುವಿನ ಕ್ಷೇಮದ ಮಾತೂ ಹೌದು, ನಿಮ್ಮ ದುಡಿಮೆಯ ಹಣದ ಮಾತೂ ಹೌದು.

ಮೊದಲು ಮೂರು ಪ್ರಶ್ನೆ

ಯಾರೋ ಹೇಳಿದರೆಂದು ಆ್ಯಪ್ ಹಾಕಿಕೊಳ್ಳುವ ಮೊದಲು ಈ ಮೂರನ್ನು ಕೇಳಿಕೊಳ್ಳಿ.

1. ಫೋನು ಯಾರದು? ನಿಮ್ಮದನ್ನೇ ಮಗು ಬಳಸುತ್ತದೆಯೋ, ಮಗುವಿಗೇ ಬೇರೆ ಫೋನ್ ಇದೆಯೋ?
2. ಮಗುವಿನ ವಯಸ್ಸೆಷ್ಟು? ಎರಡನೇ ತರಗತಿಯ ಮಗುವಿಗೂ ಪಿಯುಸಿ ಓದುವ ಮಗಳಿಗೂ ಒಂದೇ ಕಟ್ಟುಪಾಡು ಹೊಂದುವುದಿಲ್ಲ.
3. ನಿಮ್ಮ ಚಿಂತೆ ಯಾವುದು? ಹೊತ್ತು ಹಾಳಾಗುವುದೋ, ಹಣ ಹೋಗುವುದೋ, ಕೆಟ್ಟ ವಿಡಿಯೊ ಕಾಣುವುದೋ, ಗುರುತಿಲ್ಲದವರ ಜೊತೆ ಮಾತಾಡುವುದೋ?

ಉತ್ತರ ಸ್ಪಷ್ಟವಾದರೆ ಆಯ್ಕೆ ಸುಲಭ. ಬಹಳಷ್ಟು ಮನೆಗಳಿಗೆ ಹಣ ಕೊಟ್ಟು ಕೊಳ್ಳುವ ಆ್ಯಪ್ ಬೇಕಾಗುವುದೇ ಇಲ್ಲ.

ನಿಮ್ಮ ಫೋನನ್ನೇ ಮಗುವಿಗೆ ಕೊಡುವುದಾದರೆ

ಇಲ್ಲಿ ಹೊಸ ಆ್ಯಪ್‌ಗಿಂತ ಫೋನಿನಲ್ಲೇ ಇರುವ ಸೌಲಭ್ಯ ಸಾಕು.

* ಹಣದ ಆ್ಯಪ್‌ಗಳಿಗೆ ಬೇರೆ ಬೀಗ ಹಾಕಿ. ಫೋನ್‌ಪೇ, ಗೂಗಲ್ ಪೇ ತೆರೆಯಲು ನಿಮ್ಮ ಬೆರಳಚ್ಚೇ ಬೇಕು ಎಂದು ಮಾಡಿಡಿ. ಯುಪಿಐ ಪಿನ್ ಮಗುವಿಗೆ ಗೊತ್ತಿರಬಾರದು. "ಅಂಗಡಿಗೆ ಹೋಗಿ ಸ್ಕ್ಯಾನ್ ಮಾಡಿ ಬಾ" ಎಂದು ಪಿನ್ ಹೇಳಿ ಕಳಿಸುವ ಅಭ್ಯಾಸವಿದ್ದರೆ ಇವತ್ತೇ ಪಿನ್ ಬದಲಾಯಿಸಿ.
* ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ 'ಪೇರೆಂಟಲ್ ಕಂಟ್ರೋಲ್ಸ್' ಆನ್ ಮಾಡಿ, ಮಗುವಿನ ವಯಸ್ಸಿಗೆ ತಕ್ಕ ಮಟ್ಟ ಆರಿಸಿ, ಅದಕ್ಕೊಂದು ಪಿನ್ ಇಡಿ. ಏನು ಕೊಳ್ಳಬೇಕಾದರೂ ಪ್ರತಿ ಸಲ ಪಾಸ್‌ವರ್ಡ್ ಕೇಳುವಂತೆಯೂ ಮಾಡಿ. ಆಟದೊಳಗೆ ಬಂದೂಕು, ಬಟ್ಟೆ, ನಾಣ್ಯ ಕೊಳ್ಳುವ ಗುಂಡಿ ಒತ್ತಿ ಹಣ ಕಳೆದುಕೊಳ್ಳುವುದು ಇದರಿಂದ ತಪ್ಪುತ್ತದೆ.
* 'ಆ್ಯಪ್ ಪಿನ್ನಿಂಗ್' ಎಂಬುದೊಂದಿದೆ. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಸೆಕ್ಯುರಿಟಿ ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತದೆ. ಅದನ್ನು ಹಾಕಿ ಕೊಟ್ಟರೆ ನೀವು ತೆರೆದುಕೊಟ್ಟ ಒಂದು ಆ್ಯಪ್ ಬಿಟ್ಟು ಬೇರೆಡೆ ಹೋಗಲು ನಿಮ್ಮ ಪಿನ್ ಬೇಕು. ನೀವು ಹಾಲು ಕರೆಯುವಷ್ಟು ಹೊತ್ತಿಗೆ ಇದು ಒಳ್ಳೆಯ ಉಪಾಯ.
* ಚಿಕ್ಕ ಮಕ್ಕಳಿಗೆ ದೊಡ್ಡವರ ಯೂಟ್ಯೂಬ್ ಬದಲು 'ಯೂಟ್ಯೂಬ್ ಕಿಡ್ಸ್' ಹಾಕಿಕೊಡಿ. ಅದರಲ್ಲೇ ಸಮಯದ ಮಿತಿ ಇಡಬಹುದು.

ಮಗುವಿಗೆ ಬೇರೆ ಫೋನ್ ಇದ್ದರೆ

ಮೊದಲು ನೋಡಬೇಕಾದದ್ದು ಗೂಗಲ್‌ನ 'ಫ್ಯಾಮಿಲಿ ಲಿಂಕ್'. ಇದು ಉಚಿತ. ನಿಮ್ಮ ಫೋನಿನಲ್ಲಿ ಆ್ಯಪ್ ಹಾಕಿಕೊಂಡು, ಮಗುವಿನ ಸರಿಯಾದ ಹುಟ್ಟಿದ ದಿನಾಂಕ ಕೊಟ್ಟು ಅದರ ಗೂಗಲ್ ಖಾತೆಯನ್ನು ನಿಮ್ಮ ಖಾತೆಗೆ ಜೋಡಿಸಬೇಕು. ಐಫೋನ್ ಇರುವ ಮನೆಯಲ್ಲಿ ಇದೇ ಕೆಲಸಕ್ಕೆ 'ಸ್ಕ್ರೀನ್ ಟೈಮ್' ಫೋನಿನಲ್ಲೇ ಇದೆ.

ಫ್ಯಾಮಿಲಿ ಲಿಂಕ್ ಮಾಡುವುದು: ದಿನಕ್ಕೆ ಎಷ್ಟು ಹೊತ್ತು ಎಂಬ ಮಿತಿ ಇಡುತ್ತದೆ. ರಾತ್ರಿ ಹೇಳಿದ ಸಮಯಕ್ಕೆ ಫೋನ್ ಬೀಗ ಹಾಕುತ್ತದೆ. ಮಗು ಹೊಸ ಆ್ಯಪ್ ಹಾಕಲು ಹೊರಟರೆ ನಿಮ್ಮ ಒಪ್ಪಿಗೆ ಕೇಳುತ್ತದೆ. ಯಾವ ಆ್ಯಪ್ ಎಷ್ಟು ಹೊತ್ತು ನಡೆಯಿತೆಂದು ತೋರಿಸುತ್ತದೆ. ಮಗುವಿನ ಫೋನ್ ಎಲ್ಲಿದೆ ಎಂದೂ ತೋರಿಸುತ್ತದೆ.

ಮಾಡದಿರುವುದು: ವಾಟ್ಸ್ಆ್ಯಪ್‌ನಲ್ಲಿ ಏನು ಬರೆದರು, ಫೋನಿನಲ್ಲಿ ಏನು ಮಾತಾಡಿದರು ಎಂದು ಹೇಳುವುದಿಲ್ಲ. ಗೆಳೆಯರ ಫೋನಿನಲ್ಲಿ ನೋಡಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ಬೇಲಿ ಎಷ್ಟೇ ಗಟ್ಟಿ ಇರಲಿ, ದನ ಕಾಯುವವರು ಬೇಕೇ ಬೇಕಲ್ಲ, ಹಾಗೆ.

ಕ್ವಸ್ಟೋಡಿಯೊ, ನಾರ್ಟನ್ ಫ್ಯಾಮಿಲಿಯಂಥ ಬೇರೆ ಆ್ಯಪ್‌ಗಳೂ ಇವೆ. ಕೆಲವಕ್ಕೆ ವರ್ಷದ ಚಂದಾ ಕಟ್ಟಬೇಕು. ಉಚಿತವಾದದ್ದನ್ನು ಒಂದೆರಡು ತಿಂಗಳು ಬಳಸಿ, ಸಾಲದೆನಿಸಿದರೆ ಮಾತ್ರ ಅತ್ತ ಯೋಚಿಸಿ.

ಹದಿಮೂರು ದಾಟಿದ ಮಕ್ಕಳು ಇನ್‌ಸ್ಟಾಗ್ರಾಂ ಬಳಸುತ್ತಿದ್ದರೆ, ಅದರಲ್ಲಿ ಹದಿಹರೆಯದವರ ಖಾತೆಗೇ ಬೇರೆ ನಿಯಮವಿದೆ: ಖಾತೆ ತಾನಾಗಿಯೇ ಖಾಸಗಿಯಾಗಿರುತ್ತದೆ. ಆದರೆ ಹುಟ್ಟಿದ ವರ್ಷ ಸುಳ್ಳು ಕೊಟ್ಟಿದ್ದರೆ ಈ ರಕ್ಷಣೆ ಸಿಗದು. ಖಾತೆಯಲ್ಲಿ ಯಾವ ವರ್ಷವಿದೆ ಎಂದು ಪಕ್ಕದಲ್ಲಿ ಕೂತು ನೋಡಿ.

ಇಂಥ ಆ್ಯಪ್ ಬೇಡ

"ಮಗುವಿಗೆ ಗೊತ್ತೇ ಆಗದಂತೆ ಎಲ್ಲ ಮೆಸೇಜ್ ಓದಿ" ಎಂಬ ಜಾಹೀರಾತು ನೋಡಿದರೆ ಮನಸ್ಸು ಅತ್ತ ಎಳೆಯುತ್ತದೆ. ಅಂಥದ್ದನ್ನು ಹಾಕಬೇಡಿ. ಮಗುವಿನ ಫೋಟೊ, ಮಾತು, ಓಡಾಟ ಎಲ್ಲವೂ ಎಲ್ಲೋ ಇರುವ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ಎಂಸ್ಪೈ ಎಂಬ ಇಂಥದೇ ಆ್ಯಪ್‌ನ ಗ್ರಾಹಕರ ಮಾಹಿತಿ 2015ರಲ್ಲೂ 2018ರಲ್ಲೂ ಸೋರಿಕೆಯಾಗಿತ್ತು. ಕಾಪಾಡಲು ಹಾಕಿದ್ದೇ ಕಳ್ಳನಿಗೆ ಬಾಗಿಲು ತೆರೆದಂತಾಗುತ್ತದೆ.

ಆ್ಯಪ್ ಹಾಕುವ ಮುನ್ನ ಈ ನಾಲ್ಕನ್ನು ನೋಡಿ:

* ಪ್ಲೇ ಸ್ಟೋರ್‌ನಲ್ಲಿ ಇದೆಯೇ? ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕಿನಿಂದ, ಎಪಿಕೆ ಫೈಲಿನಿಂದ ಯಾವ ಆ್ಯಪನ್ನೂ ಹಾಕಬೇಡಿ.
* ಫೋನಿನಲ್ಲಿ ತಾನಿರುವುದನ್ನು ಮಗುವಿಗೆ ತೋರಿಸುತ್ತದೆಯೇ? ಬಚ್ಚಿಟ್ಟುಕೊಂಡು ಕೆಲಸ ಮಾಡುವಂಥದ್ದು ಬೇಡ.
* ಕೆಲಸಕ್ಕೆ ಬೇಡದ ಅನುಮತಿ ಕೇಳುತ್ತದೆಯೇ? ಸಮಯ ಮಿತಿಯ ಆ್ಯಪ್‌ಗೆ ನಿಮ್ಮ ಬ್ಯಾಂಕ್ ಮೆಸೇಜ್ ಓದುವ ಅಗತ್ಯವಿಲ್ಲ.
* ಬೇಡವೆಂದಾಗ ಸುಲಭವಾಗಿ ತೆಗೆಯಬಹುದೇ?

ಇನ್ನೊಂದು ಮಾತು. ನಮ್ಮಲ್ಲಿ ಎಷ್ಟೋ ಜನ ಮೊಬೈಲಿನ ಕೆಲಸಕ್ಕೆ ಮಗನನ್ನೇ ಕರೆಯುತ್ತೇವೆ. ಈ ಆ್ಯಪನ್ನೂ ಅವನ ಕೈಯಲ್ಲೇ ಹಾಕಿಸಿದರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತೆ! ಶಾಲೆಯ ಶಿಕ್ಷಕಿಯ ಅಥವಾ ತಿಳಿದ ನೆಂಟರ ಸಹಾಯ ಪಡೆಯಿರಿ. ಆದರೆ ಪಾಸ್‌ವರ್ಡ್ ಮತ್ತು ಪಿನ್ ನೀವೇ ಒತ್ತಿ. ಸಹಾಯ ಮಾಡಿದವರಿಗೂ ಅದು ಗೊತ್ತಾಗಬಾರದು.

ಮಗುವಿಗೆ ಹೇಳಿಯೇ ಹಾಕಿ

ಸಂಘದಲ್ಲಿ ನಿಮ್ಮ ಹಾಲನ್ನು ನಿಮ್ಮ ಕಣ್ಣೆದುರೇ ಪರೀಕ್ಷಿಸಿ ಫ್ಯಾಟ್, ಎಸ್‌ಎನ್‌ಎಫ್ ತೋರಿಸಿ ಚೀಟಿ ಕೊಡುತ್ತಾರೆ. ಬಾಗಿಲು ಮುಚ್ಚಿಕೊಂಡು ಪರೀಕ್ಷೆ ಮಾಡಿ "ನಿಮ್ಮದು ಇಷ್ಟೇ" ಎಂದರೆ ನೀವು ಒಪ್ಪುತ್ತೀರಾ? ಮಗುವಿನ ಮನಸ್ಸೂ ಹಾಗೆಯೇ. ಕದ್ದು ನೋಡಿದ್ದು ಗೊತ್ತಾದ ದಿನ ಮಗು ಬೇರೆ ದಾರಿ ಹುಡುಕಿಕೊಳ್ಳುತ್ತದೆ, ನಿಮಗೆ ಹೇಳುವುದನ್ನು ನಿಲ್ಲಿಸುತ್ತದೆ.

ಹೀಗೆ ಮಾತು ತೆಗೆಯಬಹುದು: "ನೋಡು ಕಂದ, ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಫೋನಿನ ಆ ಕಡೆ ಯಾರಿದ್ದಾರೋ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಅದಕ್ಕೇ ಇದು ಹಾಕ್ತಿದ್ದೀನಿ. ರಾತ್ರಿ ಒಂಬತ್ತಕ್ಕೆ ನಿಂದೂ ಬಂದ್, ನಂದೂ ಬಂದ್." ಕೊನೆಯ ಮಾತನ್ನು ನೀವೂ ಪಾಲಿಸಬೇಕು. ಅಪ್ಪನೂ ಪಾಲಿಸಬೇಕು.

ಕರು ಬೆಳೆದಂತೆ ಹಗ್ಗ ಉದ್ದ ಬಿಡುತ್ತೇವೆ. ಆರು ತಿಂಗಳಿಗೊಮ್ಮೆ ಕೂತು ಮಾತಾಡಿ ಮಿತಿಯನ್ನು ಸಡಿಲಿಸಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಜೋಪಾನ ಬೇಕು. ಯಾರೋ ಫೋಟೊ ತಿದ್ದಿ ಹೆದರಿಸುತ್ತಿದ್ದರೆ ಮಗಳು ಮನೆಯಲ್ಲಿ ಬಾಯಿ ಬಿಡದಿರಲು ಕಾರಣ ಒಂದೇ: "ಅಮ್ಮನಿಗೆ ಹೇಳಿದರೆ ಫೋನು ಕಿತ್ತುಕೊಳ್ಳುತ್ತಾರೆ, ಕಾಲೇಜು ಬಿಡಿಸಿ ಮದುವೆ ಮಾಡಿಬಿಡುತ್ತಾರೆ." ಹೆದರಿಸುವವನ ಬಲವೆಲ್ಲ ಈ ಭಯದಲ್ಲಿದೆ. ಅದಕ್ಕೇ ಮೊದಲೇ ಮಾತು ಕೊಡಿ: "ಏನೇ ಆಗಲಿ ನನಗೆ ಹೇಳು. ನಿನ್ನ ಓದು ನಿಲ್ಲಿಸಲ್ಲ." ಯಾವ ಆ್ಯಪ್ ಕೂಡ ಈ ಮಾತಿನಷ್ಟು ಕಾವಲು ಕಾಯುವುದಿಲ್ಲ.

ತೊಂದರೆ ಆಗಿಬಿಟ್ಟರೆ

* ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.
* ಮಗುವನ್ನು ಯಾರಾದರೂ ಹೆದರಿಸಿದರೆ, ಅಸಭ್ಯ ಚಿತ್ರ ಕೇಳಿದರೆ ಅಥವಾ ಕಳಿಸಿದರೆ ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಇದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಮೆಸೇಜ್ ಅಳಿಸಬೇಡಿ, ಅದೇ ಸಾಕ್ಷಿ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು, ಮಕ್ಕಳ ಮೇಲಿನ ಇಂಥ ಅಪರಾಧಗಳ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು.
* ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಅಂಥ ಆಟದ ಲಿಂಕ್ ಬಂದರೆ ಮುಟ್ಟಬೇಡಿ.
* ಫೋನ್ ಕಿತ್ತುಕೊಂಡರೆ ಮಗು ಊಟ ಬಿಡುತ್ತದೆ, ನಿದ್ದೆ ಇಲ್ಲ, ಶಾಲೆಗೆ ಹೋಗುವುದಿಲ್ಲ ಎನ್ನುವ ಸ್ಥಿತಿ ಇದ್ದರೆ ಬೈಗುಳದಿಂದ ಸರಿಹೋಗದು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಇದಕ್ಕೆಂದೇ 'ಶಟ್ ಕ್ಲಿನಿಕ್' ಆರಂಭಿಸಿದೆ. ಫೋನಿನಲ್ಲೇ ಸಲಹೆ ಬೇಕಾದರೆ ಟೆಲಿ ಮಾನಸ್ 14416.

ಈ ವಾರ ಮಾಡಬೇಕಾದ ಕೆಲಸ

ಒಂದು, ಯುಪಿಐ ಪಿನ್ ಬದಲಿಸಿ. ಎರಡು, ಪ್ಲೇ ಸ್ಟೋರ್‌ಗೆ ಪಿನ್ ಇಡಿ. ಮೂರು, 1930 ಮತ್ತು 1098 ನಂಬರನ್ನು ಹಾಲಿನ ಪಾಸ್‌ಬುಕ್ಕಿನ ಹಿಂದೆ ಬರೆದಿಡಿ. ನಾಲ್ಕು, ಸಂಜೆ ಡೇರಿಯಿಂದ ಬಂದ ಮೇಲೆ ಹತ್ತು ನಿಮಿಷ ಮಗುವಿನ ಪಕ್ಕ ಕೂತು "ಇವತ್ತು ಏನು ನೋಡಿದೆ, ನನಗೂ ತೋರಿಸು" ಎಂದು ಕೇಳಿ. ಬೈಯದೆ ನೋಡಿ. ಉಳಿದದ್ದನ್ನು ಅಲ್ಲಿಂದ ಶುರುಮಾಡಬಹುದು.